ಚಂದ ಮಾತ್ರವಲ್ಲ, ಕಾಣಲೂಬೇಕು

ಬೀದರ್ ಕೋಟೆಯ ರಂಗೀನ್ ಮಹಲ್‌ನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂಡಿಸಿದ್ದಾರೆ. ಚಿಪ್ಪು ಅಷ್ಟು ಹೊಳೆಯೋದು ಹಿಂದಿನ ಕಲ್ಲು ಕಪ್ಪಗಿರೋದರಿಂದ. ಅದನ್ನೇ ಬಿಳಿ ಗೋಡೆಗೆ ಕೂಡಿಸಿದ್ದರೆ ಹಾಗೆ ಎದ್ದು ಕಾಣುತ್ತಿರಲಿಲ್ಲ. ಒಂದು ಬಣ್ಣ ಕಾಣೋದು ಪಕ್ಕದ ಬಣ್ಣದಿಂದ.

ಈ ಪಾಠ ನನಗೆ ಮನೆಯಲ್ಲಿ ತಡವಾಗಿ ತಿಳೀತು. ಹೈದರಾಬಾದಿನ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಒಂದು ಮೆಟ್ಟಿಲು. ನೆಲವೂ ಕಡುಬೂದು, ಮೆಟ್ಟಿಲೂ ಕಡುಬೂದು. ಫಜರ್ ನಮಾಜಿಗೆ ವುಜೂ ಮಾಡಲು ಹೊರಟ ಅಮ್ಮಿ ಅಲ್ಲೇ ಎಡವಿ ಬಿದ್ದರು, ಮಣಿಕಟ್ಟು ಮುರೀತು. "ಮೆಟ್ಟಿಲು ಕಾಣಲೇ ಇಲ್ಲ ಬೇಟಾ" ಅಂದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಆಗ ಹತ್ತಿರ ಹತ್ತಿರದ ಬಣ್ಣಗಳು ಒಂದೇ ಆಗಿ ಕಾಣುತ್ತವೆ.

ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಹಳದಿ ಪಟ್ಟಿ ಬಳಿದೆವು. ಬಿಳಿ ಗೋಡೆಯ ಬಿಳಿ ಸ್ವಿಚ್ಚಿನ ಸುತ್ತ ಕಡುಕಂದು ಚೌಕಟ್ಟು ಎಳೆದೆವು. ಚಾವಣಿಗೆ ಬಿಳಿ ಹೊಡೆಸಿದೆವು, ಒಂದೇ ಕಿಟಕಿಯ ಬೆಳಕು ಅದಕ್ಕೆ ತಾಗಿ ಕೋಣೆಗೆಲ್ಲ ಹರಡಲಿ ಅಂತ.

ಬಣ್ಣ ಹೊಡೆಸುವಾಗ ಶೇಡ್ ಕಾರ್ಡ್ ಹಿಡಿದು "ಯಾವುದು ಚಂದ?" ಅಂತ ಕೇಳ್ತೀವಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು "ನಿಮಗೆ ಯಾವುದು ಕಾಣುತ್ತೆ?" ಅಂತಲೂ ಕೇಳಬೇಕು.