ಚಿಂತೆ ಸೊಂಟಕ್ಕಿಳಿದಾಗ

ಔರಾದ, ಭಾಲ್ಕಿ ಕಡೆ ಹೆಸರು, ಉದ್ದು ರಾಶಿಗೆ ಬಂದ ಹೊತ್ತಿನಾಗ ಮೋಡ ಕವಿದ್ರೆ ಸಾಕು, ರೈತರ ಹೆಗಲು ತಾನಾಗೇ ಬಿಗೀತಾವ.

ಅಪಾಯ ಅನ್ನಿಸಿದ ಕೂಡಲೇ ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಬಿಡ್ತಾವ. ಎದೆಬಡಿತ ಏರ್ತದ, ಉಸಿರು ಮೇಲೆ ಮೇಲೆ ಆಡ್ತದ, ಕುತ್ತಿಗೆ, ಬೆನ್ನಿನ ಸ್ನಾಯು ಸೆಟೀತಾವ. ಮೋಡ ಸರಿದ್ರೆ ಇದೆಲ್ಲ ಇಳೀಬೇಕು. ಆದ್ರೆ ಸಾಲದ ಚಿಂತೆ ತಿಂಗಳುಗಟ್ಟಲೆ ಇರ್ತದಲ್ಲ? ಸ್ನಾಯು ಸಡಿಲಾಗೋದೇ ಇಲ್ಲ. ನಿದ್ದಿ ಕೆಡ್ತದ. ನಿದ್ದಿಗೆಟ್ಟ ಮಿದುಳಿಗೆ ಸಣ್ಣ ನೋವೂ ದೊಡ್ಡದಾಗೇ ಮುಟ್ತದ. ಎಕ್ಸ್‌ರೇದಾಗ ಏನೂ ಕಾಣದಿದ್ರೂ ನೋವು ಖರೇನೇ ಇರ್ತದ. "ಸುಮ್ನೆ ನಾಟಕ" ಅಂತ ಯಾರಿಗೂ ಅನ್ನಬ್ಯಾಡ್ರಿ.

ಬೀದರದಾಗ ತಾಸುಗಟ್ಟಲೆ ಬಗ್ಗಿ ಕೂತು ಬಿದ್ರಿ ಕೆತ್ತೋರಿಗಂತೂ ಕೆಲಸದ ಭಾರ, ಮನಸ್ಸಿನ ಭಾರ ಎರಡೂ ಒಂದೇ ಬೆನ್ನಿಗೆ.

ನೋವು ಅಂತ ಹಾಸಿಗೆ ಹಿಡೀಬ್ಯಾಡ್ರಿ. ಆದಷ್ಟು ನಡೀರಿ. ಹೊಟ್ಟಿ ತುಂಬ ಉಸಿರೆಳೆದು ನಿಧಾನಕ್ಕ ಬಿಡ್ರಿ. ಮನಸ್ಸಿನ ಮಾತು ಹೇಳಿಕೊಳ್ಳಲಿಕ್ಕೆ ಟೆಲಿ-ಮಾನಸ್ ಸಹಾಯವಾಣಿ ಅದ: 14416. ಪುಕ್ಕಟೆ, ಹಗಲು-ರಾತ್ರಿ, ಕನ್ನಡದಾಗೇ ಮಾತಾಡಬಹುದು. ಕಾಲಿನ ಬಲ ಕಡಿಮೆ ಆದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಮಾತ್ರ ಅದು ಬ್ಯಾರೆ ಮಾತು. ಅವತ್ತೇ ಬೀದರದ ಬ್ರಿಮ್ಸ್ ಆಸ್ಪತ್ರೆಗೆ ಹೋಗ್ರಿ.