ಲಿಯನ್: ವಶದಲ್ಲಿರುವವರೆಗೆ ಮಾತ್ರ ಉಳಿಯುವ ಹಕ್ಕು

ಬ್ಯಾಂಕಿನ ಸಾಲಪತ್ರ, ಠೇವಣಿ ರಸೀದಿ, ಜಾಬ್ ವರ್ಕ್ ಕರಾರು ಮೊದಲಾದ ವ್ಯಾವಹಾರಿಕ ದಾಖಲೆಗಳಲ್ಲಿ ‘ಲಿಯನ್’ ಎಂಬ ಇಂಗ್ಲಿಷ್ ಪದ ಆಗಾಗ್ಗೆ ಎದುರಾಗುತ್ತದೆ. ಅನೇಕರು ಇದನ್ನು ಅಡಮಾನವೆಂದೋ ಜಪ್ತಿಯೆಂದೋ ಭಾವಿಸಿ ಸಹಿ ಹಾಕುತ್ತಾರೆ. ಇನ್ನು ಕೆಲವರು ಕಾನೂನು ತಮಗೇ ನೀಡಿರುವ ಈ ಹಕ್ಕನ್ನು ಅರಿಯದೆ ಮಾಲನ್ನು ಕಳುಹಿಸಿಕೊಟ್ಟು, ಅನಂತರ ಬಾಕಿ ವಸೂಲಿಗಾಗಿ ಅಲೆಯುತ್ತಾರೆ. ಆದ್ದರಿಂದ ಈ ಪದದ ಅರ್ಥ, ವ್ಯಾಪ್ತಿ ಮತ್ತು ಮಿತಿಗಳನ್ನು ಪ್ರತಿಯೊಬ್ಬ ವರ್ತಕನೂ ಸಣ್ಣ ಉದ್ಯಮಿಯೂ ತಿಳಿದಿರುವುದು ಅವಶ್ಯಕ.

ಪದದ ಅರ್ಥ

ಲ್ಯಾಟಿನ್ ಭಾಷೆಯಲ್ಲಿ ‘ಕಟ್ಟು’, ‘ಬಂಧಿಸು’ ಎಂಬ ಅರ್ಥವುಳ್ಳ ‘ಲಿಗಾರೆ’ ಧಾತುವಿನಿಂದ ಹುಟ್ಟಿದ ಈ ಪದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿತು. ಮೂಳೆಗಳನ್ನು ಬಿಗಿದಿಡುವ ‘ಲಿಗಮೆಂಟ್’ ಕೂಡ ಇದೇ ಮೂಲದ ಪದ. ಸರ್ಕಾರಿ ಸೇವಾ ನಿಯಮಗಳಲ್ಲಿ ನೌಕರನಿಗೆ ತನ್ನ ಮೂಲ ಹುದ್ದೆಯ ಮೇಲಿರುವ ಹಕ್ಕನ್ನು ಲಿಯನ್ ಎನ್ನುತ್ತಾರೆ. ವಾಣಿಜ್ಯದಲ್ಲಿ, ಇನ್ನೊಬ್ಬರಿಗೆ ಸೇರಿದ ಸ್ವತ್ತು ನ್ಯಾಯಬದ್ಧವಾಗಿ ತನ್ನ ವಶದಲ್ಲಿರುವಾಗ, ತನಗೆ ಸಲ್ಲಬೇಕಾದ ಹಣ ಸಂದಾಯವಾಗುವವರೆಗೆ ಅದನ್ನು ತಡೆಹಿಡಿಯುವ ಹಕ್ಕೇ ಲಿಯನ್.

ಗಿರವಿಯಲ್ಲಿ ಸಾಲಗಾರನು ವಸ್ತುವನ್ನು ಭದ್ರತೆಯಾಗಿ ಒಪ್ಪಿಸುತ್ತಾನೆ. ಸಾಲ ತೀರದಿದ್ದರೆ ಗಿರವಿದಾರನು ಸೂಕ್ತ ನೋಟಿಸು ನೀಡಿ ಅದನ್ನು ಮಾರಬಹುದು. ಹೈಪಾಥಿಕೇಶನ್‌ನಲ್ಲಿ ಸರಕು ಸಾಲಗಾರನ ವಶದಲ್ಲೇ ಉಳಿಯುತ್ತದೆ. ಅಡಮಾನವು ಸ್ಥಿರಾಸ್ತಿಗೆ ಸಂಬಂಧಿಸಿದ್ದು. ಲಿಯನ್ ಇವೆಲ್ಲಕ್ಕಿಂತ ಭಿನ್ನ. ಪ್ರತ್ಯೇಕ ಭದ್ರತಾ ಪತ್ರವಿಲ್ಲದಿದ್ದರೂ ಅದು ಕಾನೂನಿನಿಂದಲೇ ಉಂಟಾಗಬಲ್ಲದು. ಆದರೆ ಸಾಮಾನ್ಯವಾಗಿ ಅದು ಹಿಡಿದಿಟ್ಟುಕೊಳ್ಳುವ ಹಕ್ಕೇ ಹೊರತು ಮಾರುವ ಹಕ್ಕಲ್ಲ.

ಜಾಬ್ ವರ್ಕ್ ಮಾಡುವವರ ಹಕ್ಕು

1872ರ ಭಾರತೀಯ ಕರಾರು ಕಾಯಿದೆಯ 170ನೆಯ ಕಲಂ ಪ್ರಕಾರ, ತನಗೆ ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲವನ್ನು ವಿನಿಯೋಗಿಸಿದವನು ತನ್ನ ಪ್ರತಿಫಲ ದೊರೆಯುವವರೆಗೆ ಆ ವಸ್ತುವನ್ನು ತಡೆಹಿಡಿಯಬಹುದು. ಕಾಯಿದೆಯೇ ಎರಡು ನಿದರ್ಶನಗಳನ್ನು ನೀಡಿದೆ. ಕಚ್ಚಾ ವಜ್ರವನ್ನು ಕೊರೆದು ಹೊಳಪು ನೀಡಿದ ಆಭರಣ ವರ್ತಕನು ಮಜೂರಿ ಸಿಗುವವರೆಗೆ ವಜ್ರವನ್ನು ಇಟ್ಟುಕೊಳ್ಳಬಹುದು. ಆದರೆ ಕೋಟು ಹೊಲಿದೊಡನೆ ಕೊಡುವುದಾಗಿಯೂ ಹಣಕ್ಕೆ ಮೂರು ತಿಂಗಳ ವಾಯಿದೆ ನೀಡುವುದಾಗಿಯೂ ಒಪ್ಪಿದ ದರ್ಜಿಗೆ ಆ ಹಕ್ಕಿಲ್ಲ. ಉದ್ರಿಗೆ ಒಪ್ಪಿದವನು ಲಿಯನ್ ಬಿಟ್ಟುಕೊಟ್ಟಂತೆ ಎಂಬುದು ಇದರ ತಾತ್ಪರ್ಯ.

ಈ ಕಲಮಿನ ಅಡಿಯಲ್ಲಿ ಆ ಕೆಲಸದ ಬಾಕಿಗೆ ಆ ಮಾಲನ್ನು ಮಾತ್ರ ತಡೆಹಿಡಿಯಬಹುದು. ಎಲೆಕ್ಟ್ರೋಪ್ಲೇಟಿಂಗ್ ಘಟಕವೊಂದು ಮಾರ್ಚ್ ತಿಂಗಳ ಬಿಲ್ಲು ಬಾಕಿಯಿದೆಯೆಂದು, ಮಜೂರಿ ಪೂರ್ಣ ಸಂದಾಯವಾಗಿರುವ ಜೂನ್ ತಿಂಗಳ ಮಾಲನ್ನು ನಿಲ್ಲಿಸುವಂತಿಲ್ಲ. ಹಳೆಯ ಬಾಕಿಗೂ ಹೊಸ ಮಾಲನ್ನು ತಡೆಯುವ ‘ಸಾಮಾನ್ಯ ಲಿಯನ್’ ಹಕ್ಕನ್ನು 171ನೆಯ ಕಲಂ ಬ್ಯಾಂಕುಗಳು, ಫ್ಯಾಕ್ಟರುಗಳು, ಬಂದರು ಕಟ್ಟೆಯ ನಿರ್ವಾಹಕರು, ಉಚ್ಚ ನ್ಯಾಯಾಲಯದ ಅಟಾರ್ನಿಗಳು ಹಾಗೂ ಪಾಲಿಸಿ ದಲ್ಲಾಳಿಗಳಿಗೆ ಮಾತ್ರ ನೀಡಿದೆ. ವಕೀಲರು ಶುಲ್ಕದ ಬಾಕಿಗಾಗಿ ಕಕ್ಷಿದಾರರ ಮೊಕದ್ದಮೆಯ ಕಡತವನ್ನು ಹಿಡಿದಿಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ತೀರ್ಪಿತ್ತಿದೆ.

ಇತರರಿಗೆ ಸಾಮಾನ್ಯ ಲಿಯನ್ ಬೇಕಾದಲ್ಲಿ ಸ್ಪಷ್ಟ ಕರಾರು ಇರಬೇಕೆಂದು ಅದೇ ಕಲಂ ಹೇಳುತ್ತದೆ. ಅಂದರೆ ಜಾಬ್ ವರ್ಕ್ ಘಟಕಕ್ಕೆ ದಾರಿ ಮುಚ್ಚಿಲ್ಲ. ಕೆಲಸ ಆರಂಭಿಸುವ ಮುನ್ನ ಗಿರಾಕಿಯ ಲಿಖಿತ ಒಪ್ಪಿಗೆ ಪಡೆದರೆ ಆ ಹಕ್ಕು ದೊರೆಯುತ್ತದೆ. ಕೆಲಸ ಮುಗಿದ ಮೇಲೆ ಬಿಲ್ಲಿನ ಹಿಂಬದಿಯಲ್ಲಿ ಮುದ್ರಿಸಿದ ಷರತ್ತನ್ನೇ ನೆಚ್ಚಿಕೊಳ್ಳುವುದು ಕ್ಷೇಮಕರವಲ್ಲ.

ಇಲ್ಲಿ ಜಿ.ಎಸ್.ಟಿ. ಅಂಶವೂ ಇದೆ. 2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 143ನೆಯ ಕಲಂ ಅಡಿ ತೆರಿಗೆಯಿಲ್ಲದೆ ಜಾಬ್ ವರ್ಕ್‌ಗೆ ಕಳುಹಿಸಿದ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ವಿಲೇವಾರಿಯಾಗಬೇಕು. ತಪ್ಪಿದಲ್ಲಿ, ಅವಧಿ ವಿಸ್ತರಣೆ ದೊರೆತಿಲ್ಲದಿದ್ದರೆ, ಕಳುಹಿಸಿದ ದಿನವೇ ಪೂರೈಕೆಯಾಯಿತೆಂದು ಪರಿಗಣಿಸಿ ತೆರಿಗೆ ವಿಧಿಸಲಾಗುತ್ತದೆ. ಮಜೂರಿಯ ವ್ಯಾಜ್ಯದಲ್ಲಿ ಮಾಲು ಸಿಲುಕಿದಾಗ ಮಾಲೀಕನು ಈ ಗಡುವನ್ನು ಮರೆಯಬಾರದು.

ಮಾರಾಟಗಾರನ ಹಕ್ಕು

1930ರ ಸರಕು ಮಾರಾಟ ಕಾಯಿದೆಯ 47ನೆಯ ಕಲಂ, ಹಣ ಸಂದಾಯವಾಗದ ಮಾರಾಟಗಾರನಿಗೆ ತನ್ನ ವಶದಲ್ಲಿರುವ ಸರಕನ್ನು ಮೂರು ಸಂದರ್ಭಗಳಲ್ಲಿ ತಡೆಹಿಡಿಯುವ ಹಕ್ಕು ನೀಡುತ್ತದೆ: ಉದ್ರಿಯ ಷರತ್ತಿಲ್ಲದೆ ಮಾರಿದಾಗ, ಉದ್ರಿಯ ಅವಧಿ ಮುಗಿದಾಗ, ಮತ್ತು ಖರೀದಿದಾರನು ದಿವಾಳಿಯಾದಾಗ. ಸರಕಿನ ಮಾಲೀಕತ್ವ ಖರೀದಿದಾರನಿಗೆ ವರ್ಗವಾಗಿದ್ದರೂ ಈ ಹಕ್ಕು ಉಳಿದಿರುತ್ತದೆ.

ಆದರೆ 49ನೆಯ ಕಲಂ ಗಮನಾರ್ಹ. ವಿಲೇವಾರಿಯ ಹಕ್ಕನ್ನು ಕಾಯ್ದಿರಿಸಿಕೊಳ್ಳದೆ, ಖರೀದಿದಾರನಿಗೆ ತಲುಪಿಸಲೆಂದು ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದೊಡನೆ ಲಿಯನ್ ಮುಗಿಯಿತು. ಲಾರಿ ಗೇಟು ದಾಟಿದ ಮೇಲೆ, ಖರೀದಿದಾರನು ದಿವಾಳಿಯಾದಲ್ಲಿ ಮಾತ್ರ ಮಾರ್ಗಮಧ್ಯೆ ಸರಕನ್ನು ನಿಲ್ಲಿಸುವ ಹಕ್ಕು ಉಳಿಯುತ್ತದೆ. ತಡೆಹಿಡಿದ ಸರಕನ್ನು ಮರುಮಾರಾಟ ಮಾಡಲು 54ನೆಯ ಕಲಂ ಅವಕಾಶ ನೀಡಿದೆ. ಬೇಗ ಕೆಡುವ ಪದಾರ್ಥಗಳಿಗೆ ನೋಟಿಸು ಬೇಕಿಲ್ಲ. ಉಳಿದವುಗಳಿಗೆ ನೋಟಿಸು ನೀಡಿ ಸೂಕ್ತ ಕಾಲ ಕಾಯಬೇಕು. ನೋಟಿಸಿಲ್ಲದೆ ಮಾರಿದರೆ ನಷ್ಟವನ್ನು ಖರೀದಿದಾರನಿಂದ ಕೇಳುವಂತಿಲ್ಲ. ಲಾಭ ಬಂದರೆ ಅದು ಅವನಿಗೇ ಸಲ್ಲುತ್ತದೆ.

ಮಾಲು ಕೈಬಿಟ್ಟ ನಂತರ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ ರಕ್ಷಣೆ ಇದೆ. ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. 2021ರಲ್ಲಿ ವರ್ತಕರಿಗೂ ಉದ್ಯಮ್ ನೋಂದಣಿಗೆ ಅವಕಾಶ ದೊರೆತರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಆದ್ದರಿಂದ ಕೇವಲ ವ್ಯಾಪಾರ ಮಾಡುವವರಿಗೆ ಲಿಯನ್ ಇನ್ನಷ್ಟು ಮುಖ್ಯ.

ಬ್ಯಾಂಕ್ ಮತ್ತು ಠೇವಣಿ

ವ್ಯವಹಾರದ ಕ್ರಮದಲ್ಲಿ ತನ್ನ ಕೈಸೇರಿದ ಗ್ರಾಹಕನ ಪತ್ರಗಳ ಮೇಲೆ ಬ್ಯಾಂಕಿಗೆ ಸಾಮಾನ್ಯ ಲಿಯನ್ ಇದೆ. ಸಿಂಡಿಕೇಟ್ ಬ್ಯಾಂಕಿಗೆ ಸಂಬಂಧಿಸಿದ 1992ರ ಪ್ರಕರಣದಲ್ಲಿ, ನಿಶ್ಚಿತ ಠೇವಣಿ ರಸೀದಿಗಳ ಮೇಲಿನ ಈ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದೇ ವರ್ಷ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣದಲ್ಲಿ, ಸಾಲ ಕಾಲಬಾಧಿತವಾದರೂ ಅದಕ್ಕೆ ಭದ್ರತೆಯಾಗಿ ನೀಡಿದ್ದ ಜಾಮೀನುದಾರನ ಠೇವಣಿಯಿಂದ ಬಾಕಿಯನ್ನು ಹೊಂದಿಸಿಕೊಳ್ಳಬಹುದೆಂದು ಹೇಳಿತು. ದಾವೆಯ ಅವಧಿ ಮುಗಿದರೂ ಸಾಲ ಅಳಿಯುವುದಿಲ್ಲ. ಮಿತ್ರರ ಸಾಲಕ್ಕೆ ಠೇವಣಿ ರಸೀದಿ ಒಪ್ಪಿಸುವವರು ಇದನ್ನು ನೆನಪಿಡಬೇಕು.

ಈಚಿನ ವರ್ಷಗಳಲ್ಲಿ ಮತ್ತೊಂದು ಬಗೆಯ ‘ಲಿಯನ್’ ವರ್ತಕರನ್ನು ಕಾಡುತ್ತಿದೆ. ಸೈಬರ್ ವಂಚನೆಯ ಹಣದ ಒಂದಂಶ ಯು.ಪಿ.ಐ. ಮೂಲಕ ಅಂಗಡಿಯ ಖಾತೆಗೆ ಬಂದಿದ್ದರೆ ಪೊಲೀಸರ ಸೂಚನೆಯಂತೆ ಆ ಮೊತ್ತವನ್ನು ಬ್ಯಾಂಕು ತಡೆಹಿಡಿಯುತ್ತದೆ. ಖಾತೆಯಲ್ಲಿ ಅದು ಲಿಯನ್ ಎಂದೇ ಕಾಣಿಸಬಹುದು. ಆದರೆ ಇದು 171ನೆಯ ಕಲಮಿನ ಲಿಯನ್ ಅಲ್ಲ. ತನಿಖೆಯ ನಿಮಿತ್ತದ ತಡೆ. ಬ್ಯಾಂಕಿನಿಂದ ದೂರಿನ ಸಂಖ್ಯೆ ಹಾಗೂ ಠಾಣೆಯ ವಿವರವನ್ನು ಲಿಖಿತವಾಗಿ ಪಡೆದು, ಆ ಮಾರಾಟದ ಬಿಲ್ಲನ್ನು ತನಿಖಾಧಿಕಾರಿಗೆ ಸಲ್ಲಿಸಬೇಕು.

ಗಮನಿಸಬೇಕಾದ ಅಂಶಗಳು

1. ಜಾಬ್ ವರ್ಕ್ ಆದೇಶದಲ್ಲೇ ಸಾಮಾನ್ಯ ಲಿಯನ್ ಷರತ್ತು ಸೇರಿಸಿ ಗಿರಾಕಿಯ ಸಹಿ ಪಡೆಯಬೇಕು.

2. ಉದ್ರಿಯ ಅವಧಿಯನ್ನು ದಿನಗಳಲ್ಲಿ ನಮೂದಿಸಬೇಕು. ‘ಅನುಕೂಲವಾದಾಗ’ ಎಂಬಂಥ ಮಾತು ಹಕ್ಕನ್ನು ಸಡಿಲಗೊಳಿಸುತ್ತದೆ.

3. ಮಾಲು ತಡೆಹಿಡಿದಾಗ ಬಾಕಿಯ ಮೊತ್ತವನ್ನು ತಿಳಿಸಿ ಪತ್ರ ಬರೆಯಬೇಕು. ಮಾಲನ್ನು ಜೋಪಾನವಾಗಿಡಬೇಕು, ಬಳಸಬಾರದು.

4. ಸಾಲ ತೀರಿದೊಡನೆ ಠೇವಣಿಯ ಮೇಲಿನ ಲಿಯನ್ ತೆರವುಗೊಳಿಸಿದ ಪತ್ರವನ್ನು ಬ್ಯಾಂಕಿನಿಂದ ಪಡೆಯಬೇಕು.

ನ್ಯಾಯಾಲಯದ ಖರ್ಚಿಲ್ಲದೆ ದೊರೆಯುವ ಭದ್ರತೆಗಳಲ್ಲಿ ಲಿಯನ್ ಒಂದು. ಮಾಲು ವಶದಲ್ಲಿರುವವರೆಗೆ ಮಾತ್ರ ಅದರ ಬಲ; ಹೀಗಾಗಿ ಅದನ್ನು ಬಳಸಬೇಕೋ ಬಿಡಬೇಕೋ ಎಂಬ ನಿರ್ಧಾರವನ್ನು ಸರಕು ಲಾರಿ ಏರುವ ಮುನ್ನವೇ ಕೈಗೊಳ್ಳಬೇಕು.