ಮುರುಗಲು ಬೀಜ ತಿಪ್ಪೆಗೆ, ಕ್ರೀಮ್ ಡಬ್ಬಿ ಪೇಟೆಯಿಂದ!

ಏಪ್ರಿಲ್-ಮೇ ಬಂತೆಂದರೆ ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡಿನಲ್ಲಿ ಮುರುಗಲು ಸುಗ್ಗಿ. ದಕ್ಷಿಣ ಕನ್ನಡದವರ ಪುನರ್ಪುಳಿಯೂ ಇದೇ. ಸಿಪ್ಪೆ ಒಣಗಿಸುತ್ತೇವೆ, ಶರಬತ್ತಿಗೆ ಸಕ್ಕರೆ ಬೆರೆಸಿ ಇಡುತ್ತೇವೆ. ಬೀಜ? ಅದು ಸೀದಾ ತಿಪ್ಪೆಗೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆದಾಗ ಪೇಟೆಗೆ ಹೋಗಿ ಕ್ರೀಮ್ ತರ್ತೇವೆ. ಆ ಡಬ್ಬಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ 'ಕೋಕಮ್ ಬಟರ್' ಎಂದಿದ್ದರೆ ಗೊತ್ತಿರಲಿ, ಅದು ನಾವು ಬಿಸಾಡಿದ ಬೀಜದ ತುಪ್ಪವೇ.

ಹಿತ್ತಲನ್ನು ಕ್ವಿಂಟಾಲ್ ಲೆಕ್ಕದಲ್ಲಿ ನೋಡುವವರಿಗೆ ಅಲ್ಲಿ ಕಾಣುವುದು ಅಡಿಕೆ, ಕಾಳುಮೆಣಸು ಅಷ್ಟೇ. ಹಿಂದಿನ ಹೆಂಗಸರ ಕಣ್ಣು ಬೇರೆ ಇತ್ತು. ಯಾವ ಕಾಯಿ ಗೋಡೆಗೆ, ಯಾವ ಸೊಪ್ಪು ತಲೆಗೆ, ಯಾವ ಬೀಜ ಕಾಲಿಗೆ ಅಂತ ಅವರಿಗೆ ಬಾಯಿಪಾಠ. ತಮಾಷೆಯೆಂದರೆ, ಅವರು ಬಳಸುತ್ತಿದ್ದುದರಲ್ಲಿ ಹೆಚ್ಚಿನದು ನಾವೀಗ ಕಸ ಅಂತ ಚೆಲ್ಲುವ ಭಾಗ.

ತುಪ್ಪ ತೆಗೆಯುವ ಕ್ರಮ

ಸಿಪ್ಪೆ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿದ ತಿರುಳನ್ನು ಚೆನ್ನಾಗಿ ತೊಳೆದು ತೆಗೆಯಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಬೂಸಲು ಬಂದು ತುಪ್ಪ ಕಮಟುತ್ತದೆ. ಮಳೆ ಹಿಡಿಯುವ ಮೊದಲು ಒಳ್ಳೆಯ ಬಿಸಿಲು ತೋರಿಸಿ, ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿಸಿ. ಹೊರಗಿನ ಸಿಪ್ಪೆ ಒಡೆದು ಕೇರಿ, ಒಳಗಿನ ಬೇಳೆಯನ್ನು ಒರಳಲ್ಲೋ ಗ್ರೈಂಡರಿನಲ್ಲೋ ನುಣ್ಣಗೆ ಮಾಡಿ ದೊಡ್ಡ ಪಾತ್ರೆಯಲ್ಲಿ ನೀರಿನೊಂದಿಗೆ ಕುದಿಸಬೇಕು. ಎಣ್ಣೆ ಮೇಲೆ ತೇಲಿ ಬರುತ್ತದೆ. ಅದನ್ನು ಸೌಟಿನಲ್ಲಿ ತೆಗೆದು, ನೀರಿನಂಶ ಹೋಗುವವರೆಗೆ ಮತ್ತೊಮ್ಮೆ ಸಣ್ಣ ಉರಿಯಲ್ಲಿ ಕಾಸಿ ಸೋಸಿಟ್ಟರೆ ತಣಿಯುತ್ತಾ ಗಟ್ಟಿಯಾಗುತ್ತದೆ. ಉಂಡೆ ಕಟ್ಟಿ ಇಡುತ್ತಿದ್ದುದು ಹಳೆಯ ರೂಢಿ.

ಬೀಜದ ತೂಕದ ಸುಮಾರು ಕಾಲು ಭಾಗ ಕೊಬ್ಬು ಇದೆ. ಮನೆಯ ಕ್ರಮದಲ್ಲಿ ಅಷ್ಟೂ ಕೈಗೆ ಬರುವುದಿಲ್ಲ, ಒಂದಿಷ್ಟು ಹಿಂಡಿಯಲ್ಲೇ ಉಳಿಯುತ್ತದೆ. ಹಾಗಂತ ಬೇಸರ ಬೇಡ, ಒಂದು ಮನೆಗೆ ವರ್ಷಕ್ಕೆ ಎಷ್ಟು ಬೇಕು ಹೇಳಿ?

ಈ ತುಪ್ಪ ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮ ಮೈಶಾಖ ಅದಕ್ಕಿಂತ ತುಸು ಕಡಿಮೆ. ಹಾಗಾಗಿ ಕಪಾಟಿನಲ್ಲಿ ಕಲ್ಲಿನ ಹಾಗೆ ಕೂತಿದ್ದರೂ ಚರ್ಮದ ಮೇಲೆ ತಿಕ್ಕಿದರೆ ಮೆತ್ತಗಾಗಿ ಹರಡುತ್ತದೆ. ತೆಂಗಿನೆಣ್ಣೆ 24ರ ಹೊತ್ತಿಗೇ ನೀರಾಗುತ್ತದೆ, ಹಚ್ಚಿದ್ದು ಚಪ್ಪಲಿಗೆ ಹೋಗುತ್ತದೆ. ಎರಡನ್ನೂ ಸೇರಿಸಿದರೆ ಹದ ಸಿಗುತ್ತದೆ. ನಮ್ಮ ಮನೆಯ ಅಳತೆ: ತೆಂಗಿನೆಣ್ಣೆ ಮೂರು ಪಾಲು, ಮುರುಗಲು ತುಪ್ಪ ಎರಡು, ಜೇನುಮೇಣ ಒಂದು. ಮೇಣ ಕರಗಲು 60 ಡಿಗ್ರಿಗೂ ಹೆಚ್ಚು ಶಾಖ ಬೇಕು. ನೇರ ಒಲೆಗೆ ಇಡಬೇಡಿ, ಕುದಿಯುವ ನೀರಿನ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಅಂಗಡಿಯ ಮೇಣದಬತ್ತಿ ಇದಕ್ಕೆ ಸಲ್ಲ. ಅದು ಪೆಟ್ರೋಲಿಯಂ ಸಂತಾನ. ತುಡುವೆ ಪೆಟ್ಟಿಗೆ ಇಟ್ಟವರ ಹತ್ತಿರ ಹಳೆಯ ಎರಿ ಕೇಳಿ ಪಡೆಯಿರಿ.

ಈ ಮುಲಾಮಿನಲ್ಲಿ ನೀರಿಲ್ಲ. ತಿಂಗಳುಗಟ್ಟಲೆ ಕೆಡದೆ ಇರುವ ಗುಟ್ಟು ಅದೇ. ಒದ್ದೆ ಬೆರಳು ಹಾಕದಿದ್ದರಾಯಿತು.

ಗೊಂಪಿನ ವಿಷಯ ತದ್ವಿರುದ್ಧ. ದಾಸವಾಳದ ಎಲೆ ನೀರಲ್ಲಿ ಕಿವುಚಿದರೆ ಬರುವ ಲೋಳೆ ತಲೆಸ್ನಾನಕ್ಕೆ ಬಹಳ ಒಳ್ಳೆಯದು, ಎಣ್ಣೆ ಜಿಡ್ಡು ಬಿಡಿಸಿದರೂ ಕೂದಲು ಒರಟಾಗುವುದಿಲ್ಲ. ಆದರೆ ಅದರ ತುಂಬಾ ನೀರು, ಮರುದಿನಕ್ಕೆ ನಾರುತ್ತದೆ. ಬಾಟಲಿಯಲ್ಲಿ ತುಂಬಿಸಿ ಮಾರುವ ಆಸೆ ಇದ್ದವರು ಮೊದಲು ಇದನ್ನು ಯೋಚಿಸಿ. ಕೆಡದಂತೆ ಇಡಬೇಕಾದರೆ ಸಂರಕ್ಷಕ ರಾಸಾಯನಿಕ ಸೇರಿಸಲೇಬೇಕು. ಆಮೇಲೆ ಪೇಟೆಯ ಶಾಂಪೂಗೂ ಅದಕ್ಕೂ ಏನು ದೊಡ್ಡ ವ್ಯತ್ಯಾಸ? ಬೇಲಿಯಲ್ಲಿ ದಾಸವಾಳ ಇದ್ದವನಿಗೆ ಬಾಟಲಿಯ ಅಗತ್ಯವೂ ಇಲ್ಲ.

ಬೇಲಿಯ ಮದರಂಗಿಯದ್ದೂ ಒಂದು ಮಾತು. ಎಲೆ ಅರೆದು ಲಿಂಬೆರಸ ಹಿಂಡಿ ಕೆಲವು ಗಂಟೆ ಬಿಟ್ಟು ಹಚ್ಚಿದರೆ ಕೆಂಪು ಬರುತ್ತದೆ, ಎಂದಿಗೂ ಅಚ್ಚ ಕಪ್ಪಲ್ಲ. ಜಾತ್ರೆಯಲ್ಲಿ ಸಿಗುವ 'ಕಪ್ಪು ಮೆಹಂದಿ'ಗೆ ಕೂದಲು ಕಪ್ಪು ಮಾಡುವ ರಾಸಾಯನಿಕ ಬೆರೆಸುವುದುಂಟು. ಮಕ್ಕಳ ಕೈಗೆ ಬೊಬ್ಬೆ ಏಳುವುದು ಅದರಿಂದಲೇ. ಮನೆಯ ಮುಲಾಮಾದರೂ ಸರಿ, ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾದು ನೋಡಿ.

ಗೋಡೆಯ ಮೇಲಿನ ಹಿತ್ತಲು

ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿದವರಿಗೆ ಅದರ ನೇರ ಎಳೆಗಳ ಅಚ್ಚುಕಟ್ಟು ಗೊತ್ತು. ಅಲ್ಲಿರುವುದು ನಾಲ್ಕೇ ಬಣ್ಣ. ನೆಲಕ್ಕೆ ಕೆಮ್ಮಣ್ಣು. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಹುರಿದು ಕರಿಯಾದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಾಲ್ಕು ಬಣ್ಣ, ಒಂದು ಕುಂಚ, ಎಲ್ಲಾ ಗದ್ದೆ-ಹಿತ್ತಲಿನಿಂದ. ಭೂಮಿ ಹುಣ್ಣಿಮೆಯ ಬುಟ್ಟಿಗೂ ಇದೇ ಬರವಣಿಗೆ.

ಗುರಿಗೆ ನಮ್ಮ ಮುರುಗಲಿನ ಹತ್ತಿರದ ನೆಂಟ, ಉಪ್ಪಾಗೆಯೂ ಅದೇ ಕುಟುಂಬ. ಒಂದು ಹುಳಿಗೆ, ಒಂದು ತುಪ್ಪಕ್ಕೆ, ಒಂದು ಬಣ್ಣಕ್ಕೆ ಅಂತ ಹಿರಿಯರು ಪಾಲು ಮಾಡಿಟ್ಟ ಹಾಗಿದೆ. ಈಗ ಗುರಿಗೆ ಹುಡುಕಿದರೆ ಸಿಗುವುದು ಕಷ್ಟ. ಮರ ಇಲ್ಲದ ಕಡೆ ಡಬ್ಬಿ ಬಣ್ಣ ಬಂದಿದೆ. ಬರೆಯುವವರನ್ನು ನಾನು ದೂರಲಾರೆ, ಮದುವೆ ಮುಂದಿಟ್ಟುಕೊಂಡು ಕಾಡು ಅಲೆಯುವುದು ಯಾರಿಗೆ ಸಾಧ್ಯ? ಮರ ಕಡಿದದ್ದು ಅವರಲ್ಲ. ತೋಟ ವಿಸ್ತರಿಸಿ, ಸೊಪ್ಪಿನ ಬೆಟ್ಟ ಬೋಳು ಮಾಡಿ, ಹೆಸರೇ ಗೊತ್ತಿಲ್ಲದ ಮರಕ್ಕೆ ಗರಗಸ ಇಟ್ಟವರು ನಾವು, ಜಮೀನಿನವರು. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಿಗೆಂದು ಉಪ್ಪಾಗೆ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದಾಗ ಕಾಡಿನಲ್ಲಿ ಕೊಂಬೆ ಸಮೇತ ಕಡಿದು ಕಾಯಿ ಇಳಿಸಿದ್ದೂ ಇದೇ ಸೀಮೆಯಲ್ಲಿ. ರೇಟು ಬಿದ್ದ ಮೇಲೆ ಕೊಂಬೆ ವಾಪಸ್ ಬರಲಿಲ್ಲ.

ಇನ್ನು ಚೊಗರು. ಹಸಿ ಅಡಿಕೆ ಬೇಯಿಸಿ ಕೆಂಪಡಿಕೆ ಮಾಡುವವರಿಗೆ ಅದರ ಪರಿಚಯ ಅಂಗಿಯ ಕಲೆಯಿಂದಲೇ! ತೊಳೆದರೆ ಹೋಗದ ಆ ಹಠವೇ ಬಟ್ಟೆ ಬಣ್ಣದವರಿಗೆ ಬೇಕಾದ ಗುಣ. ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ ಹುಟ್ಟಿದ ಮಹಿಳೆಯರ 'ಚರಕ' ಕೈಮಗ್ಗ ಸಂಸ್ಥೆ ಚೊಗರಿನ ಬಣ್ಣದ ಬಟ್ಟೆಯನ್ನು ಊರೂರಿಗೆ ಮುಟ್ಟಿಸಿತು.

ಮನೆಯಲ್ಲೂ ಒಂದು ಪಂಚೆಗೆ ಪ್ರಯತ್ನಿಸಬಹುದು. ಹತ್ತಿ ಬಟ್ಟೆಯ ಗಂಜಿ ಪೂರ್ತಿ ಹೋಗುವಂತೆ ಕುದಿಸಿ ತೊಳೆಯಿರಿ. ನೂರು ಗ್ರಾಂ ಬಟ್ಟೆಗೆ 15-20 ಗ್ರಾಂ ಪಟಿಕವನ್ನು ಬಿಸಿನೀರಲ್ಲಿ ಕರಗಿಸಿ ಒಂದು ರಾತ್ರಿ ನೆನೆಹಾಕಿ. ಮರುದಿನ ಸೋಸಿದ ಚೊಗರು ನೀರಲ್ಲಿ ಮಗುಚುತ್ತಾ ಕಾಸಿದರೆ ಕೆಂಪುಮಿಶ್ರಿತ ಕಂದು. ಅದೇ ಬಟ್ಟೆಯನ್ನು ಕಬ್ಬಿಣದ ನೀರಿಗೆ ಅದ್ದಿದರೆ ಕಣ್ಣೆದುರೇ ಬೂದುಗಪ್ಪಿಗೆ ತಿರುಗುತ್ತದೆ, ನೋಡಲು ಮಜಾ. ತುಕ್ಕು ಮೊಳೆಯನ್ನು ಬೆಲ್ಲದ ನೀರಲ್ಲಿ ಎರಡು-ಮೂರು ವಾರ ಹಾಕಿಟ್ಟರೆ ಈ ನೀರು ತಯಾರು. ಜಾಸ್ತಿ ಹೊತ್ತು ಬಿಡಬೇಡಿ, ಕಬ್ಬಿಣ ಹೆಚ್ಚಾದರೆ ನೂಲು ಲಡ್ಡಾಗುತ್ತದೆ.

ಮಾರಾಟದ ಪ್ರಶ್ನೆ ಬಂದೇ ಬರುತ್ತದೆ. ಬಟ್ಟೆಗೆ, ಚಿತ್ತಾರಕ್ಕೆ ಅಡ್ಡಿಯಿಲ್ಲ. ಮೈಗೆ ಹಚ್ಚುವುದನ್ನು ತಯಾರಿಸಿ ಮಾರಲು ಮಾತ್ರ ಲೈಸೆನ್ಸ್ ಬೇಕು, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ. ಒಬ್ಬೊಬ್ಬರೇ ಹೆಣಗುವುದಕ್ಕಿಂತ ಸಂಘದ ಹೆಂಗಸರು ಸೇರಿ ತೆಗೆಸುವುದು ಜಾಣತನ. ಇಷ್ಟರ ಮಧ್ಯೆ ಮೊಡವೆ ಹೋಗುತ್ತದೆ, ಬಣ್ಣ ಬೆಳ್ಳಗಾಗುತ್ತದೆ ಅಂತೆಲ್ಲ ಚೀಟಿ ಅಂಟಿಸಬೇಡಿ. ಒಡೆದ ಹಿಮ್ಮಡಿ ಕೂಡಿಕೊಂಡರೆ ಸಾಕಲ್ಲ.

ಮುರುಗಲು ನೆಡುವವರಿಗೆ ಕೊನೆಯ ಸೂಚನೆ. ಬೀಜದ ಸಸಿಯಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಫಲ ಕಾಣಲು ಏಳೆಂಟು ವರ್ಷ ಕಾಯಬೇಕು. ಹೆಣ್ಣು ಮರದಿಂದ ಕಟ್ಟಿದ ಕಸಿ ಗಿಡ ಬೇಗ ಬರುತ್ತದೆ. ಹಾಗೆಂದು ಹಿತ್ತಲಿನ ಗಂಡು ಮರವನ್ನೆಲ್ಲ ಸೌದೆ ಮಾಡಿಬಿಡಬೇಡಿ, ಹೂವಿನ ಪರಾಗಕ್ಕೆ ಒಂದಾದರೂ ಇರಲಿ. ಗುರಿಗೆ ಸಸಿ ನರ್ಸರಿಯಲ್ಲಿ ಸಿಗುವುದು ಅಪರೂಪ. ಹಸೆ ಬರೆಯುವ ಮನೆಯವರನ್ನು ಕೇಳಿದರೆ ಮರ ಎಲ್ಲಿದೆ ಅಂತ ಹೇಳಿಯಾರು. ಹಣ್ಣು ಸಿಕ್ಕಿದರೆ ಬೀಜವನ್ನು ಒಣಗಲು ಬಿಡದೆ ತಾಜಾ ಇದ್ದಾಗಲೇ ಮಣ್ಣಿಗೆ ಹಾಕಿ.